ಹಳೆಯ ಗಾಜಿನ ಡೆಮಿಜಾನ್‌ನ ಕಾಲವನ್ನೂ ಬೆಲೆಯನ್ನೂ ತಿಳಿಯುವುದು ಹೇಗೆ?

ಧಾರವಾಡದ ಅಜ್ಜನ ಮನೆಯ ಅಟ್ಟದಲ್ಲಿ ಸಿಕ್ಕ, ಹೊರಗೆ ಬೆತ್ತ ಹೆಣೆದ, ಗಿಡ್ಡ ಕುತ್ತಿಗೆಯ ದೊಡ್ಡ ಹಸಿರು ಸೀಸೆಯ ಬಗ್ಗೆ ನೀವು ಕೇಳಿದ್ದೀರಿ. ಇಂಥ ಸೀಸೆಯನ್ನೇ ಡೆಮಿಜಾನ್ ಎನ್ನುತ್ತಾರೆ. ಮೊದಲು ಅದನ್ನು ಮೆತ್ತನೆಯ ಕೌದಿಯ ಮೇಲೆ ಮಲಗಿಸಿ ತಳವನ್ನು ನೋಡಿರಿ. ನಡುವೆ ಬೆರಳಿಗೆ ತರಚುವಂಥ ಒರಟು ಗುರುತಿದ್ದರೆ, ಬಾಯಿಯನ್ನು ರೂಪಿಸುವಾಗ ಸೀಸೆಗೆ ಅಂಟಿಸಿಕೊಂಡಿದ್ದ ಕಬ್ಬಿಣದ ಸರಳನ್ನು ಮುರಿದು ಬಿಡಿಸಿದ ಜಾಗವದು. ಅಂಥ ಸೀಸೆ ಕೈಯಲ್ಲಿ ಊದಿ ಮಾಡಿದ್ದು. ಅಚ್ಚಿನ ಭಾಗಗಳು ಕೂಡಿದ ಕಡೆ ಗಾಜಿನ ಮೇಲೆ ಮೂಡುವ ಗೆರೆಯು ಬಾಯಿಯ ಅಂಚನ್ನೂ ದಾಟಿದ್ದರೆ ಅದು ಯಂತ್ರದ್ದು, ಅಂದರೆ 1903ರ ಸುಮಾರಿಗೆ ಅಮೆರಿಕದಲ್ಲಿ ಮೈಕೆಲ್ ಓವೆನ್ಸ್ ಅವರ ಸ್ವಯಂಚಾಲಿತ ಯಂತ್ರ ಬಂದ ಅನಂತರದ್ದು. ಸೀಸೆ ಹಳೆಯದೆನ್ನಲು ಗಾಜಿನೊಳಗಿನ ಗುಳ್ಳೆಗಳನ್ನಷ್ಟೇ ನಂಬಬೇಡಿರಿ. ಇಂದಿನ ಅಲಂಕಾರದ ಸೀಸೆಗಳಲ್ಲಿಯೂ ಅವು ಇರುತ್ತವೆ.

ಬಾಯಿಯ ಅಂಚು ಒಡೆದಿರದೆ, ಒಳಗೆ ತೊಳೆದರೂ ಹೋಗದ ಬಿಳಿ ಮಬ್ಬು ಕಟ್ಟಿರದೆ, ಮೂಲದ ಹೆಣಿಗೆಯೂ ಉಳಿದಿದ್ದರೆ ಬೆಲೆ ಏರುತ್ತದೆ. ಮಾರುವವರು ಕೇಳುವ ಬೆಲೆಯನ್ನಲ್ಲ, ಅಂಥದೇ ಸೀಸೆ ನಿಜವಾಗಿ ಮಾರಾಟವಾದ ಬೆಲೆಯನ್ನು ಹೋಲಿಸಿರಿ. ದಯವಿಟ್ಟು ಗುಜರಿಗೆ ತೂಕದ ಲೆಕ್ಕದಲ್ಲಿ ಕೊಡಬೇಡಿರಿ. ನೂರು ವರ್ಷ ದಾಟಿದ, ಐತಿಹಾಸಿಕ ಮಹತ್ವದ ವಸ್ತುವಾದರೆ 1972ರ ಪ್ರಾಚೀನ ವಸ್ತುಗಳ ಕಾಯ್ದೆಯಂತೆ ಖಾಸಗಿಯವರು ಅದನ್ನು ವಿದೇಶಕ್ಕೆ ಕಳುಹಿಸುವಂತಿಲ್ಲ.