ಅಟ್ಟದಿಂದ ಇಳಿಸಿದ ಕ್ಯಾಸೆಟ್ಟು, ಮತ್ತೆ ಹಾಡಿದ ಸ್ಟೀರಿಯೊ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಹಳೇ ಕ್ಯಾಸೆಟ್, ರೆಕಾರ್ಡುಗಳನ್ನ ಮನೇಲಿ ಮತ್ತೆ ಹಾಕಿ ಕೇಳೋದರ ಬಗ್ಗೆ ಈ ಸಲ ತುಂಬಾ ಪತ್ರ ಬಂದಿದಾವೆ, ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಕ್ಕೆ ಹಾಕಿ ಇಡೀ ಕಾಲಂ ಇದಕ್ಕೇ ಕೊಟ್ಟಿದೀನಿ. ನನಗೆ ಇದು ಬರೀ ಮೆಷಿನ್ ವಿಷಯ ಅಲ್ಲ, ಹತ್ತು ವರ್ಷದ ಹುಡುಗ ಆಗಿದ್ದಾಗಿಂದ ಕಿವಿಯಲ್ಲಿ ಕೂತಿರೋ ವಿಷಯ, ಅದಕ್ಕೇ ಕೆಲವು ಉತ್ತರ ಉದ್ದ ಆಗಿದೆ.

ಪ್ರ: ಅಪ್ಪ ತೀರಿಕೊಂಡ ಮೇಲೆ ಅಟ್ಟ ಕ್ಲೀನ್ ಮಾಡುವಾಗ ಒಂದು ಟ್ರಂಕ್ ತುಂಬಾ ಕ್ಯಾಸೆಟ್ ಸಿಕ್ತು. ನಿತ್ಯೋತ್ಸವ, ಮೈಸೂರು ಮಲ್ಲಿಗೆ, ಶರೀಫರ ಪದಗಳು, ಎಲ್ಲಾ ನಾವು ಚಿಕ್ಕವರಿದ್ದಾಗ ಭಾನುವಾರ ಬೆಳಿಗ್ಗೆ ಕೇಳ್ತಿದ್ದವು. ಕೆಲವದರ ಒಳಗೆ ಬಿಳೀ ಪುಡಿ ಥರ ಕಾಣತ್ತೆ. ಟೂ ಇನ್ ಒನ್ (ರೇಡಿಯೊ, ಟೇಪ್ ಎರಡೂ ಇರೋ ಮೆಷಿನ್) ಕೂಡಾ ಇದೆ, ಆನ್ ಆಗತ್ತೆ ಆದ್ರೆ ಚಕ್ರ ತಿರುಗಲ್ಲ. ಹಾಕಿ ಕೇಳಬಹುದಾ? (ಓದುಗರು, ತೀರ್ಥಹಳ್ಳಿ)

ಉ: ಅಮ್ಮಾ, ಕೇಳಬಹುದು, ಆದ್ರೆ ಇವತ್ತೇ ಹಾಕಬೇಡಿ. ಟ್ರಂಕ್ ತೆಗೆದ ಕೂಡಲೇ ಇಷ್ಟದ ಕ್ಯಾಸೆಟ್ಟನ್ನೇ ಮೊದಲು ಹಾಕಬೇಕು ಅಂತ ಅನ್ನಿಸತ್ತೆ, ನಾನೂ ಅದನ್ನೇ ಮಾಡಿ ಒಂದು ಒಳ್ಳೇ ಕ್ಯಾಸೆಟ್ ಕಳ್ಕೊಂಡಿದೀನಿ, ಇಪ್ಪತ್ತು ವರ್ಷ ಸುಮ್ಮನೆ ಬಿದ್ದಿದ್ದ ಟೇಪನ್ನ ನೇರವಾಗಿ ಫಾಸ್ಟ್ ಫಾರ್ವರ್ಡ್ ಒತ್ತಿಬಿಟ್ಟೆ, ಒಂದು ಕಡೆ ಅಂಟಿಕೊಂಡಿತ್ತು, ಪಟ್ ಅಂತ ಕಿತ್ತೋಯ್ತು.

ಬಿಳೀ ಪುಡಿ ಅಂದ್ರೆ ಬೂಸ್ಟು. ಮಲೆನಾಡಿನ ಮಳೆಗಾಲ ಅಷ್ಟೊಂದು ನೋಡಿದ ಟ್ರಂಕಲ್ಲಿ ಬೂಸ್ಟು ಬರದೇ ಇದ್ದಿದ್ರೇ ಆಶ್ಚರ್ಯ. ಅವನ್ನ ಬೇರೆ ಕ್ಯಾಸೆಟ್‌ಗಳಿಂದ ಮೊದಲು ದೂರ ಇಡಿ, ಬಿಸಿಲಿಗೆ ಇಡಬೇಡಿ, ನೆರಳಲ್ಲಿ ಗಾಳಿ ಆಡೋ ಕಡೆ ನಾಲ್ಕೈದು ದಿನ ಬಿಡಿ, ಆಮೇಲೆ ಮೂಗಿಗೆ ಮಾಸ್ಕ್ ಹಾಕ್ಕೊಂಡು ಮನೆ ಹೊರಗೆ ಕೂತು ಮೆತ್ತನೆ ಬ್ರಷ್‌ನಲ್ಲಿ ಉದುರಿಸಿ. ನೀರು ಮುಟ್ಟಿಸಲೇಬೇಡಿ. ನಾಲ್ಕು ಮೂಲೆಗೆ ಸ್ಕ್ರೂ ಇರೋ ಕ್ಯಾಸೆಟ್ ಆದ್ರೆ ಬಿಚ್ಚಿ ಒಳಗಿನ ಸುರುಳಿನ ಇನ್ನೊಂದು ಖಾಲಿ ಡಬ್ಬಿಗೆ ಹಾಕಬಹುದು, ಅಂಟಿಸಿ ಮುಚ್ಚಿದ್ದಾದ್ರೆ ಬಿಚ್ಚೋದು ಕಷ್ಟ, ಅದನ್ನ ಕೊನೆಗೆ ಇಟ್ಕೊಳ್ಳಿ. ಇನ್ನು ಟೇಪ್ ಹಿಂದೆ ಸಣ್ಣ ತಾಮ್ರದ ಪಟ್ಟಿ ಮೇಲೆ ಒಂದು ಮೆತ್ತೆ ಚೂರು ಅಂಟಿಸಿರ್ತಾರೆ, ಟೇಪನ್ನ ಹೆಡ್ಡಿಗೆ, ಅಂದ್ರೆ ಮೆಷಿನ್‌ನಲ್ಲಿ ಟೇಪಿನಿಂದ ಹಾಡು ಓದೋ ಭಾಗಕ್ಕೆ, ಒತ್ತಿ ಹಿಡಿಯೋದು ಅದೇ. ಹಳೇ ಕ್ಯಾಸೆಟ್ಟಲ್ಲಿ ಗೋಂದು ಒಣಗಿ ಅದು ಬಿದ್ದೋಗಿರತ್ತೆ, ಆಗ ಹಾಡು ದೂರದಿಂದ ಕೇಳಿದ ಹಾಗೆ ಮಂಕಾಗಿರತ್ತೆ, ಜನ ಟೇಪೇ ಹಾಳಾಯ್ತು ಅಂತ ಎಸೆದುಬಿಡ್ತಾರೆ. ಎಸೀಬೇಡಿ! ಇನ್ನೊಂದು ಬೇಡದ ಕ್ಯಾಸೆಟ್‌ನಿಂದ ಅದನ್ನ ತೆಗೆದು ಹಾಕಿದ್ರೆ ಸಾಕು.

ಚಕ್ರ ತಿರುಗದೇ ಇರೋದಕ್ಕೆ ನೂರಕ್ಕೆ ತೊಂಬತ್ತು ಸಲ ಬೆಲ್ಟೇ ಕಾರಣ ಅಂತ ನನ್ನ ಅನುಭವ. ರಬ್ಬರ್ ಬೆಲ್ಟು ವರ್ಷಗಳಾದ ಮೇಲೆ ಒಂದೋ ಜೋಲು ಬೀಳತ್ತೆ ಇಲ್ಲಾ ಕರಗಿ ಡಾಂಬರ್ ಥರ ಆಗಿರತ್ತೆ, ಹಳೇದನ್ನ ಪೂರ್ತಿ ಒರೆಸಿ ಅದೇ ಅಳತೆದು ಹೊಸದು ಹಾಕಿಸಿ. ನಿಮ್ಮೂರಲ್ಲಿ ರೇಡಿಯೊ ರಿಪೇರಿ ಮಾಡೋರು ಯಾರಾದ್ರೂ ಇನ್ನೂ ಇದ್ರೆ ಅವರ ಹತ್ರ ಹೋಗಿ, ಬೆಂಗಳೂರಿಗೆ ಬರೋರು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್‌ಪಿ ರೋಡಲ್ಲಿ ವಿಚಾರಿಸಿ. ಹೆಡ್ಡು ಮತ್ತೆ ಪಕ್ಕದ ಕಬ್ಬಿಣದ ಕಡ್ಡಿನ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಇಯರ್‌ಬಡ್‌ನಲ್ಲಿ ಒರೆಸಿ, ಕಂದು ಬಣ್ಣ ಬರೋದು ನಿಲ್ಲೋ ತನಕ. ರಬ್ಬರ್ ಉರುಳೆಗೆ ಬರೀ ಒದ್ದೆ ಬಟ್ಟೆ ಸಾಕು.

ಇಷ್ಟಾದ ಮೇಲೂ ಮೊದಲು ಹಾಕೋದು ಹಾಳಾದ್ರೂ ಪರವಾಗಿಲ್ಲ ಅನ್ನೋ ಒಂದು ಕ್ಯಾಸೆಟ್. ಅದು ಸಿಕ್ಕಿಹಾಕ್ಕೊಳ್ಳದೆ ಪೂರ್ತಿ ಓಡಿದ್ರೆ ಆಗ ನಿತ್ಯೋತ್ಸವ ತಗೊಳ್ಳಿ, ಪೆನ್ಸಿಲ್ ಹಾಕಿ ಕೈಯಲ್ಲೇ ನಿಧಾನಕ್ಕೆ ಹತ್ತು ಸುತ್ತು ತಿರುಗಿಸಿ, ಆಮೇಲೆ ಪ್ಲೇ ಮಾಡಿ. ಫಾರ್ವರ್ಡು ರಿವೈಂಡು ಎರಡೂ ಬೇಡ, ಪ್ಲೇ ವೇಗಾನೇ ಟೇಪಿಗೆ ಹಿತ. ಅಕಸ್ಮಾತ್ ಎಲ್ಲಾದ್ರೂ ಕಿತ್ತೋದ್ರೆ ಮನೇಲಿರೋ ಸೆಲ್ಲೊಟೇಪ್ ಹಾಕಬೇಡಿ, ಅದರ ಗೋಂದು ಪಕ್ಕದ ಸುತ್ತಿಗೆ ಇಳಿದು ಅಲ್ಲೂ ಅಂಟತ್ತೆ, ಟೇಪ್ ಜೋಡಿಸೋಕೆ ಅಂತಲೇ ಬೇರೆ ಪಟ್ಟಿ ಬರತ್ತೆ.

1978ರಲ್ಲಿ ಬಂದ ನಿತ್ಯೋತ್ಸವನ್ನ ಕನ್ನಡದ ಮೊದಲ ಭಾವಗೀತೆ ಧ್ವನಿಸುರುಳಿ ಅಂತಾರೆ, ನಿಸಾರ್ ಅಹಮದ್ ಅವರ ಕವಿತೆ, ಮೈಸೂರು ಅನಂತಸ್ವಾಮಿ ಅವರ ರಾಗ. ಮೈಸೂರು ಮಲ್ಲಿಗೆ ಪುಸ್ತಕವಾಗಿ ಬಂದಿದ್ದು 1942ರಲ್ಲೇ, ಆದ್ರೆ ಸಿ. ಅಶ್ವತ್ಥ್ ಅವರ ಕ್ಯಾಸೆಟ್ ಬಂದ ಮೇಲೆ ಪುಸ್ತಕ ಮುಟ್ಟದ ಮನೆಗಳಲ್ಲೂ ಅದರ ಕವಿ ಕೆ.ಎಸ್. ನರಸಿಂಹಸ್ವಾಮಿ ಅವರ ಸಾಲು ಅಡುಗೆಮನೆ ತನಕ ಹೋಯ್ತು. ನಿಮ್ಮ ತಂದೆಯವರು ಕೂಡಿಟ್ಟಿದ್ದು ಅಂಥ ಟ್ರಂಕು, ಒಂದು ವಾರ ಕಾಯೋದು ದೊಡ್ಡದಲ್ಲ. ಎಲ್ಲಾ ಸರಿಯಾದ ಮೇಲೆ ಟೂ ಇನ್ ಒನ್‌ನ ಹೆಡ್‌ಫೋನ್ ತೂತಿನಿಂದ ಒಂದು ವೈರ್ ತಗೊಂಡು ಮನೆ ಸ್ಟೀರಿಯೊದ ಆಕ್ಸ್‌ಗೆ (ಹೊರಗಿನ ಸದ್ದು ಒಳಗೆ ತಗೊಳ್ಳೋ ತೂತು) ಹಾಕಿ, ವಾಲ್ಯೂಮ್ ಕಮ್ಮಿ ಇಟ್ಟು ಶುರು ಮಾಡಿ. ಚಿಕ್ಕ ಸ್ಪೀಕರಲ್ಲಿ ಆಗ ಕೇಳಿಸದೇ ಇದ್ದ ತಬಲದ ಎಡಗೈ, ಸಾಲು ಶುರುವಾಗೋಕೆ ಮುಂಚೆ ಗಾಯಕರು ಎಳ್ಕೊಳ್ಳೋ ಉಸಿರು, ಇವೆಲ್ಲಾ ಆ ಟೇಪಲ್ಲಿ ಮೊದಲಿಂದಾನೂ ಇತ್ತು.

ಪ್ರ: ಅಮೆರಿಕದಲ್ಲಿ ಹನ್ನೆರಡು ವರ್ಷ ಇದ್ದು ಬೆಂಗಳೂರಿಗೆ ವಾಪಸ್ ಬಂದ್ವಿ, ಅಲ್ಲಿ ಇಷ್ಟಪಟ್ಟು ತಗೊಂಡಿದ್ದ ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್) ತಂದಿದೀನಿ. ಒಳ್ಳೇ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದ್ರೂ ರಾಜ್‌ಕುಮಾರ್ ಹಾಡು ಎಲ್ಲಾ ನಿದ್ದೆಗಣ್ಣಲ್ಲಿ ಹಾಡಿದ ಹಾಗೆ ಕೇಳತ್ತೆ. ರೆಕಾರ್ಡ್ ಹಾಳಾಗಿದ್ಯಾ? (ಓದುಗರು, ಜಯನಗರ)

ಉ: ರೆಕಾರ್ಡ್ ಚೆನ್ನಾಗೇ ಇದೆ ಸರ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸತ್ತೆ ಅಷ್ಟೇ, ಫ್ರೀಕ್ವೆನ್ಸಿ ಬದಲಾಯಿಸಲ್ಲ. ಅಲ್ಲಿ ಕರೆಂಟು 60 ಹರ್ಟ್ಸ್, ನಮ್ಮಲ್ಲಿ 50. ಕೆಲವು ಟರ್ನ್‌ಟೇಬಲ್‌ಗಳ ಮೋಟರ್ ಈ ಫ್ರೀಕ್ವೆನ್ಸಿ ಹಿಡ್ಕೊಂಡೇ ತಿರುಗತ್ತೆ, ಅಲ್ಲಿ ನಿಮಿಷಕ್ಕೆ 33⅓ ಸುತ್ತು ಸುತ್ತಿದ್ದು ಇಲ್ಲಿ 28 ಸುತ್ತೂ ಮುಟ್ಟಲ್ಲ. ಹಾರ್ಮೋನಿಯಂನಲ್ಲಿ ಎಣಿಸಿದ್ರೆ ಶ್ರುತಿ ಮೂರು ಮನೆ ಕೆಳಗೆ, 20 ನಿಮಿಷದ ಬದಿ 24 ನಿಮಿಷ ಓಡತ್ತೆ. ಅಣ್ಣಾವ್ರ ಕಂಠ ಗೊತ್ತಿರೋ ಕಿವಿಗೆ ಅದು ಸಹಿಸೋಕಾಗಲ್ಲ, ನಿಮಗೆ ತಕ್ಷಣ ಗೊತ್ತಾಗಿದ್ದು ಅದಕ್ಕೇ.

ಖಾತ್ರಿ ಮಾಡ್ಕೊಳ್ಳೋಕೆ ರೆಕಾರ್ಡಿನ ಮಧ್ಯದ ಲೇಬಲ್ ಮೇಲೆ ಒಂದು ಚೂರು ಕಾಗದ ಇಟ್ಟು ಮೂರು ನಿಮಿಷ ಸುತ್ತು ಎಣಿಸಿ. ನೂರು ಬರಬೇಕು, 83ರ ಆಸುಪಾಸು ಬಂದ್ರೆ ಇದೇ ಕಾಯಿಲೆ. ಅದೇ ಮಾಡೆಲ್‌ಗೆ 50 ಹರ್ಟ್ಸ್ ಪುಲ್ಲಿ (ಮೋಟರ್ ತುದೀಲಿರೋ ಸಣ್ಣ ಗಾಲಿ) ಸಿಕ್ಕಿದ್ರೆ ಹಾಕಿಸಿಬಿಡಿ, ಅದು ಎಲ್ಲಕ್ಕಿಂತ ಸುಲಭ, ಇಲ್ಲಾಂದ್ರೆ 60 ಹರ್ಟ್ಸನ್ನೇ ತಯಾರಿಸಿ ಕೊಡೋ ಪವರ್ ಸಪ್ಲೈ ಬರತ್ತೆ, ಬೆಲೆ ಸ್ವಲ್ಪ ಜಾಸ್ತಿ. ಇನ್ನೂ ಅಲ್ಲಿಂದ ಹೊರಡದೇ ಇರೋರಿಗೆ ಒಂದು ಮಾತು, ಡಿಸಿ ಮೋಟರ್ ಇರೋದು ಅಥವಾ ಕ್ವಾರ್ಟ್ಸ್ ಲಾಕ್ (ಹರಳಿನ ಲೆಕ್ಕದಲ್ಲಿ ವೇಗ ಹಿಡಿದಿಡೋದು) ಇರೋ ಡೈರೆಕ್ಟ್ ಡ್ರೈವ್ (ಬೆಲ್ಟ್ ಇಲ್ಲದೆ ಮೋಟರೇ ತಟ್ಟೆ ತಿರುಗಿಸೋದು) ತಂದ್ರೆ ಈ ತಲೆನೋವು ಇರಲ್ಲ, ವೋಲ್ಟೇಜ್ ಒಂದು ನೋಡ್ಕೊಂಡ್ರೆ ಆಯ್ತು.

ಪ್ರ: ರಾಜನ್-ನಾಗೇಂದ್ರ ಹಾಡುಗಳ ಹಳೇ ರೆಕಾರ್ಡು ಹಾಕಿದ್ರೆ ಎರಡು ಸ್ಪೀಕರ್ ಇದ್ರೂ ಹಾಡು ಮಧ್ಯದಿಂದಾನೇ ಬರತ್ತೆ, ಎಡ ಬಲ ಅಂತ ಏನೂ ಇಲ್ಲ. ಸ್ಪೀಕರ್ ಬದಲಾಯಿಸಬೇಕಾ? (ಓದುಗರು, ಹಾಸನ)

ಉ: ಬೇಡ. ಆ ಕಾಲದ ನಮ್ಮ ಸಿನಿಮಾ ರೆಕಾರ್ಡುಗಳಲ್ಲಿ ಬಹಳಷ್ಟು ಮೊನೊ, ಎರಡೂ ಸ್ಪೀಕರ್‌ಗೆ ಒಂದೇ ಧ್ವನಿ ಹೋಗತ್ತೆ. ಗಾಯಕರು ಎರಡು ಸ್ಪೀಕರ್ ನಡುವೆ ನಿಂತು ಹಾಡ್ತಿದಾರೆ ಅನ್ನಿಸಿದ್ರೆ ನಿಮ್ಮ ವೈರಿಂಗ್ ಸರಿಯಾಗಿದೆ ಅಂತಾನೇ ಅರ್ಥ. ಹಾಗೆ ಅನ್ನಿಸದೆ ಧ್ವನಿ ಎಲ್ಲೋ ಚೆದುರಿ ಹೋಗಿ ಬಾಸ್ ಸಪ್ಪೆ ಆಗಿದ್ರೆ ಒಂದು ಸ್ಪೀಕರಲ್ಲಿ ಕೆಂಪು ಕಪ್ಪು ವೈರ್ ಅದಲು ಬದಲಾಗಿದೆ. ಆಂಪ್ಲಿಫೈಯರಲ್ಲಿ ಮೊನೊ ಬಟನ್ ಇದ್ರೆ ಇಂಥ ರೆಕಾರ್ಡಿಗೆ ಒತ್ತಿ, ಚಟಪಟ ಸದ್ದು ಅರ್ಧ ಕಮ್ಮಿ ಆದ ಹಾಗೆ ಅನ್ನಿಸತ್ತೆ.

ಪ್ರ: ನಮ್ಮಜ್ಜಾರ ಹಳೀ ರೆಕಾರ್ಡ್ ಅದಾವರಿ, ಭಾರ ಅದಾವ, ಕೈಯಾಗಿಂದ ಬಿದ್ರ ಒಡೀತಾವ. ಹಿಂದುಸ್ತಾನಿ ಹಾಡಿಕಿ. ಸ್ಪಿರಿಟ್ ಹಚ್ಚಿ ಒರಸಲೇನ್ರಿ? ಹೊಸಾ ಪ್ಲೇಯರ್ ಮ್ಯಾಲ ಹಚ್ಚಬಹುದಾ? (ಓದುಗರು, ಧಾರವಾಡ)

ಉ: ದಯವಿಟ್ಟು ಸ್ಪಿರಿಟ್ ಹಚ್ಚಬೇಡ್ರಿ! ನಿಮ್ಮ ಹತ್ರ ಇರೋದು 78 ಸ್ಪೀಡಿನ ಅರಗಿನ ರೆಕಾರ್ಡು, ಅರಗು ಸ್ಪಿರಿಟ್‌ನಲ್ಲಿ ಕರಗತ್ತೆ, ಒಂದು ಸಲ ಒರೆಸಿದ್ರೆ ಹಾಡೇ ಅಳಿಸಿಹೋಗತ್ತೆ. ಒಣ ಬ್ರಷ್‌ನಲ್ಲಿ ಧೂಳು ತೆಗೀರಿ, ತೀರಾ ಕೊಳೆ ಇದ್ರೆ ಬಟ್ಟಿ ಇಳಿಸಿದ ನೀರಿಗೆ ಒಂದು ಹನಿ ಸೋಪು ಹಾಕಿ, ಕಾಗದದ ಲೇಬಲ್ ನೆನೆಯದ ಹಾಗೆ ಒರೆಸಿ ಕೂಡಲೇ ಒಣ ಬಟ್ಟೆ ಹಿಡೀರಿ.

ಹೊಸ ಪ್ಲೇಯರ್ ಎಷ್ಟೋ ಬರೀ 33 ಮತ್ತೆ 45ಕ್ಕೆ ಮಾತ್ರ ಇರ್ತವೆ, 78 ಇದ್ರೂ ಎಲ್‌ಪಿ (33 ಸ್ಪೀಡಿನ ದೊಡ್ಡ ರೆಕಾರ್ಡ್) ಸೂಜಿ ನಡೆಯಲ್ಲ, 78ರ ಗೆರೆ ಅಗಲ, ಸೂಜಿ ತಳದಲ್ಲಿ ಆಡ್ಕೊಂಡು ಬರೀ ಕೆರೆಯೋ ಸದ್ದು ಬರತ್ತೆ, ಅದಕ್ಕೆ ದಪ್ಪ ತುದಿಯ ಸೂಜಿ ಬೇರೆ ಇದೆ. ಕೀ ಕೊಡೋ ಗ್ರಾಮಫೋನ್ ಮನೇಲಿದ್ರೂ ದಿನಾ ಹಾಕಬೇಡಿ, ಅದರ ತೋಳು ತುಂಬಾ ಭಾರ, ಉಕ್ಕಿನ ಸೂಜಿ ಒಂದೊಂದು ಬದಿಗೂ ಬದಲಾಯಿಸಬೇಕು, ಅಜ್ಜಂದಿರು ಡಬ್ಬಿಗಟ್ಟಲೆ ಸೂಜಿ ಇಟ್ಕೊಳ್ತಿದ್ದದ್ದು ಅದಕ್ಕೇ.

ಲೇಬಲ್‌ಗಳನ್ನ ಒಂದೊಂದಾಗಿ ಓದಿ ನೋಡ್ರಿ. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ರೆಕಾರ್ಡುಗಳು ಗಾಂಧಾರಿ ಅನ್ನೋ ಹೆಸರಲ್ಲಿ ಬಂದಿದ್ವು, ಆ ಹೆಸರು ಕಂಡ್ರೆ ಯಾರೋ ಬೇರೆಯವರು ಅಂತ ಪಕ್ಕಕ್ಕಿಡಬೇಡ್ರಿ. ಆಮೇಲೆ ನಾವು ಕೇಳಿದ ಅವರ ಗಡಸು ಗಂಭೀರ ಧ್ವನಿ ಅಲ್ಲ ಅದು, ತೆಳುವಾದ ಎತ್ತರದ ಹೆಣ್ಣು ಧ್ವನಿ. ಒಂದು ಬದಿಗೆ ಸುಮಾರು ಮೂರು ನಿಮಿಷ ಮಾತ್ರ ಸಿಗ್ತಿತ್ತು, ಅಷ್ಟರಲ್ಲೇ ರಾಗ ತೋರಿಸಿ, ಬಂದಿಶ್ (ರಾಗಕ್ಕೆ ಕಟ್ಟಿದ ಹಾಡು) ಹಾಡಿ, ತಾನ್ (ವೇಗದ ಸ್ವರಗಳ ಓಟ) ಹಾಕಿ ಮುಗಿಸಬೇಕು. ನಿಧಾನಕ್ಕೆ ಒಂದು ಗಂಟೆ ಹಾಡೋ ಪರಂಪರೆಯವರು ಮೂರು ನಿಮಿಷದಲ್ಲಿ ಏನು ಇಟ್ಕೊಂಡ್ರು, ಏನು ಬಿಟ್ರು ಅಂತ ಕೇಳ್ತಾ ಕೂತ್ರೆ ಒಂದು ರೆಕಾರ್ಡಿಗೆ ಒಂದು ಸಂಜೆ ಸಾಲಲ್ಲ.

ಪ್ರ: ನನಗೆ ಹತ್ತೊಂಬತ್ತು. ಎಲ್ಲಾ ಹಾಡೂ ಫೋನಲ್ಲೇ ಸಿಗುವಾಗ ಅಪ್ಪ ಯಾಕೆ ಕ್ಯಾಸೆಟ್ ಡೆಕ್ ರಿಪೇರಿಗೆ ದುಡ್ಡು ಹಾಕ್ತಿದಾರೆ ಅಂತ ನಿಜವಾಗ್ಲೂ ಅರ್ಥ ಆಗ್ತಿಲ್ಲ. (ಓದುಗರು, ದಾವಣಗೆರೆ)

ಉ: ಒಳ್ಳೇ ಪ್ರಶ್ನೆ ಪುಟ್ಟಾ, ಇದರಲ್ಲಿ ತಪ್ಪೇನಿಲ್ಲ. ಫೋನನ್ನ ಸ್ಟೀರಿಯೊಗೆ ಜೋಡಿಸಿ ಕೇಳಿದ್ರೂ ಚೆನ್ನಾಗೇ ಇರತ್ತೆ, ಕ್ಯಾಸೆಟ್ಟಿನ ಸದ್ದು ಅದಕ್ಕಿಂತ ಮೇಲು ಅಂತ ನಾನು ಹೇಳಲ್ಲ, ಹಿನ್ನೆಲೇಲಿ ಸುಯ್ ಅನ್ನೋದು ಇದ್ದೇ ಇರತ್ತೆ. ಆದ್ರೆ ಎರಡು ವಿಷಯ ಇದೆ. ಹುಡುಕಿದಾಗ ಸಿಗೋದು ಎಷ್ಟೋ ಸಲ ಅದೇ ಹಾಡನ್ನ ಬೇರೆಯವರು ಮತ್ತೆ ಹಾಡಿದ್ದು, ನಿಮ್ಮಪ್ಪ ಕೇಳಿ ಬೆಳೆದಿದ್ದು ಅದಲ್ಲ. ಇನ್ನೊಂದು, ಕ್ಯಾಸೆಟ್‌ಗೆ ಕ್ರಮ ಇರತ್ತೆ. 60 ನಿಮಿಷದ್ದು ಅಂದ್ರೆ ಬದಿಗೆ 30, ಅಷ್ಟರೊಳಗೆ ಯಾವುದು ಮೊದಲು, ಎ ಬದಿ ಯಾವ ಹಾಡಿಗೆ ಮುಗೀಬೇಕು ಅಂತ ಯಾರೋ ಕೂತು ಯೋಚನೆ ಮಾಡಿರ್ತಾರೆ. ನೂರು ಸಲ ಕೇಳಿದೋರಿಗೆ ಒಂದು ಹಾಡು ಮುಗಿದು ಮುಂದಿನದು ಶುರುವಾಗೋ ಆ ಮೂರು ಸೆಕೆಂಡ್ ಮೌನದಲ್ಲೇ ಮುಂದಿನ ಸ್ವರ ಬಾಯಿಗೆ ಬಂದಿರತ್ತೆ. ಡೆಕ್ ವಾಪಸ್ ಬಂದ ದಿನ ಫೋನ್ ಒಳಗಿಟ್ಟು ಅಪ್ಪನ ಪಕ್ಕ ಒಂದು ಬದಿ ಪೂರ್ತಿ ಕೂತ್ಕೊ, ಬಿ ಬದಿಗೆ ತಿರುಗಿಸಿ ಹಾಕೋ ಕೆಲಸ ನೀನು ಮಾಡು, ಆಮೇಲೆ ನನಗೆ ಬರಿ.

ಪ್ರ: ಮಂಗಳೂರಿನ ಸೆಕೆಗೆ ನಮ್ಮ ಹಳೇ ಸ್ಪೀಕರಿನ ಸುತ್ತ ಇರೋ ಸ್ಪಂಜು ಪುಡಿಪುಡಿ ಆಗಿದೆ, ಬಾಸ್ ಬಂದ್ರೆ ಗರ್ ಅಂತದೆ. (ಓದುಗರು, ಮಂಗಳೂರು)

ಉ: ಆ ಫೋಮ್ ರಿಂಗ್ ಮಾತ್ರ ಬದಲಾಯಿಸಬಹುದು, ಕೋನ್ (ನಡುವೆ ಅದುರೋ ಬಟ್ಟಲಿನಂಥ ಭಾಗ) ಚೆನ್ನಾಗಿದ್ರೆ ಇಡೀ ಸ್ಪೀಕರ್ ಎಸೆಯೋ ಅಗತ್ಯ ಇಲ್ಲ. ಈ ಸಲ ರಬ್ಬರ್ ರಿಂಗ್ ಹಾಕಬಹುದಾ ಅಂತ ರಿಪೇರಿಯವರನ್ನ ಕೇಳಿ, ನಿಮ್ಮೂರ ಹವೆಗೆ ಅದು ಹೆಚ್ಚು ದಿನ ತಡೀತದೆ. ಅಲ್ಲಿ ತನಕ ಜೋರಾಗಿ ಹಾಕಬೇಡಿ, ಒಳಗಿನ ಕಾಯಿಲ್ (ತಂತಿ ಸುರುಳಿ) ಉಜ್ಜಿಹೋಗತ್ತೆ.

ಪ್ರ: ನನ್ನ ಹತ್ರ ಒಂದು ಕ್ಯಾಸೆಟ್ ಇದೆ, ಎ ಬದೀಲಿ ಭಾವಗೀತೆ ಕಾಪಿ ಮಾಡಿಸಿದ್ದು, ಬಿ ಬದೀಲಿ ನನ್ನ ಹೆಂಡತಿ ಗೌರಿ ಹಬ್ಬದ ದಿನ ಹಾಡಿದ ಹಾಡುಗಳು. ಅವಳು ಹೋಗಿ ಆರು ವರ್ಷ ಆಯ್ತು. ಹೊಸ ಸ್ಟೀರಿಯೊ ತಗೊಂಡಿದೀನಿ, ಹಾಕೋಕೆ ಭಯ ಆಗ್ತಿದೆ. (ಓದುಗರು, ಚಿತ್ರದುರ್ಗ)

ಉ: ಸರ್, ನಿಮ್ಮ ಭಯ ಸರಿಯಾಗೇ ಇದೆ, ಆ ಭಯ ಇರೋದ್ರಿಂದಾನೇ ಅದು ಇಲ್ಲೀವರೆಗೆ ಉಳಿದಿದೆ. ಮೊದಲು ಮಾಡಬೇಕಾದ್ದು ಹಾಕೋದಲ್ಲ, ಬೀಗ ಹಾಕೋದು. ಕ್ಯಾಸೆಟ್ಟಿನ ಬೆನ್ನಿನ ಮೇಲೆ, ಅಂದ್ರೆ ಟೇಪ್ ಕಾಣೋ ಕಡೆಗೆ ಎದುರು ಬದೀಲಿ, ಎರಡು ತುದಿಗೂ ಸಣ್ಣ ಪ್ಲಾಸ್ಟಿಕ್ ಚೂರು ಇರತ್ತೆ, ಎರಡನ್ನೂ ಸ್ಕ್ರೂಡ್ರೈವರ್ ತುದೀಲಿ ಮುರಿದು ತೆಗೆದುಬಿಡಿ. ಮುರಿದ ಚೂರು ಸುರುಳಿ ಕಡೆ ಬೀಳದ ಹಾಗೆ ನೋಡ್ಕೊಳ್ಳಿ. ಆಮೇಲೆ ಯಾರಾದ್ರೂ ಮರೆತು ರೆಕಾರ್ಡ್ ಬಟನ್ ಒತ್ತಿದ್ರೂ ಅದು ಕೆಳಗೆ ಹೋಗಲ್ಲ.

ಆಮೇಲೆ ಮೊದಲ ಉತ್ತರದಲ್ಲಿ ಹೇಳಿದ ಹಾಗೆ ಹೆಡ್ ಒರೆಸಿ, ಬೇರೆ ಎರಡು ಕ್ಯಾಸೆಟ್ ಪೂರ್ತಿ ಓಡಿಸಿ ನೋಡಿ, ಹೊಸ ಮೆಷಿನ್ ಆದ್ರೂ ಸರಿ. ನಿಮ್ಮ ಕ್ಯಾಸೆಟ್ ಮೊದಲ ಸಲ ಓಡುವಾಗಲೇ ಕಾಪಿ ಆಗಬೇಕು, ಕೇಳಿ ನೋಡಿ ಆಮೇಲೆ ಕಾಪಿ ಮಾಡೋಣ ಅಂತ ಇಟ್ಕೋಬೇಡಿ. ಡೆಕ್‌ನಿಂದ ಕಂಪ್ಯೂಟರಿಗೆ ವೈರ್ ಹಾಕಿ, ಸದ್ದು ಒಡೆಯದ ಮಟ್ಟಕ್ಕೆ ಇಟ್ಟು, ವೇವ್ (WAV, ಸದ್ದನ್ನ ಕುಗ್ಗಿಸದೆ ಇಡೋ) ಫೈಲ್ ಆಗಿ ಉಳಿಸಿ. ನಾಯ್ಸ್ ತೆಗೀತೀವಿ ಅಂತ ಯಾರಾದ್ರೂ ಹೇಳಿದ್ರೆ ಮೂಲ ಫೈಲ್ ಮುಟ್ಟಬೇಡಿ ಅಂತ ಹೇಳಿ, ಅದರಲ್ಲಿ ಪಾತ್ರೆ ಸದ್ದು, ಮಕ್ಕಳು ಓಡಾಡಿದ್ದು, ಹಬ್ಬದ ದಿನದ ಮನೆ ಎಲ್ಲಾ ಇರತ್ತೆ. ಒಂದು ಕಾಪಿ ನಿಮ್ಮ ಹತ್ರ, ಇನ್ನೊಂದು ಬೇರೆ ಊರಲ್ಲಿರೋ ಮಕ್ಕಳ ಹತ್ರ ಇರಲಿ. ಕ್ಯಾಸೆಟ್ಟನ್ನ ಬಿ ಬದಿ ಪೂರ್ತಿ ಓಡಿದ ಸ್ಥಿತೀಲೇ ಡಬ್ಬಿಗೆ ಹಾಕಿ, ರಿವೈಂಡ್ ಮಾಡದೆ ನೆಟ್ಟಗೆ ನಿಲ್ಲಿಸಿಡಿ, ಸ್ಪೀಕರ್ ಮೇಲೆ ಮಾತ್ರ ಇಡಬೇಡಿ, ಅದರೊಳಗೆ ಅಯಸ್ಕಾಂತ ಇದೆ.