ಏಟ್ ಮೈಲ್ ದಾಟಬಾರದಾ?

ಅಮೆರಿಕದ ಡೆಟ್ರಾಯಿಟ್ ಹತ್ತಿರ ಕೆಲಸ ಸಿಕ್ಕಿದೆ, ಆದರೆ ಊರಿನ ಉತ್ತರದ ಗಡಿಯಾದ ಏಟ್ ಮೈಲ್ ರಸ್ತೆ ದಾಟಿ, ಕಪ್ಪು ಜನ ಹೆಚ್ಚಿರುವ ಊರೊಳಗೆ ಹೋಗಲೇಬೇಡಿ ಅಂತ ಎಲ್ಲರೂ ಹೆದರಿಸುತ್ತಾರೆ, ನಿಜವಾ ಅಂತ ಕೇಳಿದ್ದೀರಿ. ನಾನು ಬಂದ ಹೊಸದರಲ್ಲಿ ನನಗೂ ಹೀಗೇ ಹೇಳಿದ್ದರು, ಅದೂ ನಮ್ಮವರೇ. ಸುಮ್ನೆ ನಂಬಿಕೊಂಡು ಏಳೆಂಟು ವರ್ಷ ಕಳೆದೆ.

ಒಂದು ದಿನ ಪ್ಲಾಂಟಿನ ಹಿರಿಯರೊಬ್ಬರನ್ನು ಕಾರಿನಲ್ಲಿ ಕೂರಿಸಿಕೊಂಡು ಡೌನ್‌ಟೌನ್‌ಗೆ ಹೊರಟಿದ್ದೆ. ಐ-375 ಹೆದ್ದಾರಿ ಹತ್ತಿದ ಕೂಡಲೇ ಅವರು, "ನಿಧಾನ ಹೋಗು, ನಮ್ಮಮ್ಮನ ಅಡುಗೆಮನೆ ಮೇಲೆ ಹೋಗ್ತಾ ಇದ್ದೀಯ" ಅಂದರು. ತಮಾಷೆ ಅಂದುಕೊಂಡೆ. ಅಲ್ಲ. ಅಲ್ಲಿ ಹೇಸ್ಟಿಂಗ್ಸ್ ಸ್ಟ್ರೀಟ್ ಇತ್ತು, ಬ್ಲ್ಯಾಕ್ ಬಾಟಮ್ ಎಂಬ ಕೇರಿಯ ದೊಡ್ಡ ಬೀದಿ. ಕಪ್ಪು ಜನರ ಅಂಗಡಿ, ಚರ್ಚು, ಜಾಝ್ ಕ್ಲಬ್ಬು ಎಲ್ಲ ಅಲ್ಲೇ. ಸ್ಲಂ ತೆರವು ಅಂತ, ಆಮೇಲೆ ಹೆದ್ದಾರಿ ಅಂತ ಪೂರ್ತಿ ಕೆಡವಿದರು.

ಆ ಹಿರಿಯರ ತಂದೆ ದಕ್ಷಿಣದ ಅಲಬಾಮಾ ರಾಜ್ಯದವರು. 1914ರಲ್ಲಿ ಫೋರ್ಡ್ ದಿನಕ್ಕೆ 5 ಡಾಲರ್ ಸಂಬಳ ಅಂತ ಸಾರಿದ ಮೇಲೆ ದಕ್ಷಿಣದ ಹತ್ತಿ ಹೊಲ ಬಿಟ್ಟು ಬರುವವರು ಜಾಸ್ತಿಯಾದರು. ಕೆಲಸವೇನೋ ಸಿಗುತ್ತಿತ್ತು, ಹೆಚ್ಚಾಗಿ ಫೌಂಡ್ರಿಯಲ್ಲಿ, ಕಾದ ಕಬ್ಬಿಣದ ಮುಂದೆ. ಮನೆ ಮಾತ್ರ ಕಷ್ಟ. ಬಿಳಿಯರಲ್ಲದವರಿಗೆ ಮಾರಕೂಡದು ಅಂತ ಎಷ್ಟೋ ಕ್ರಯಪತ್ರಗಳಲ್ಲೇ ಬರೆದಿರುತ್ತಿತ್ತು. ನಮ್ಮೂರಲ್ಲಿ ಬಾಡಿಗೆ ಮನೆ ಕೇಳಿದರೆ "ನೀವು ಯಾವ ಜನ?" ಅಂತಾರಲ್ಲ, ಅದೇ ಮಾತು, ಇಲ್ಲಿ ಸ್ಟಾಂಪ್ ಹಾಕಿಸಿಕೊಂಡಿತ್ತು.

ಬಂದ ಮೇಲೆ ಬರ್ವುಡ್ ಗೋಡೆ ನೋಡಿ, ಏಟ್ ಮೈಲ್ ಪಕ್ಕದಲ್ಲೇ ಇದೆ. ಆರಡಿ ಎತ್ತರ, ಅರ್ಧ ಮೈಲಿ ಉದ್ದ. ಪಕ್ಕದಲ್ಲಿ ಕಪ್ಪು ಜನ ಇದ್ದಾರೆ ಅಂತ ಬಿಳಿಯರ ಹೊಸ ಬಡಾವಣೆಗೆ ಸರ್ಕಾರ ಸಾಲದ ಗ್ಯಾರಂಟಿ ಕೊಡಲಿಲ್ಲ. 1941ರಲ್ಲಿ ಬಿಲ್ಡರ್ ಮಧ್ಯೆ ಗೋಡೆ ಎಬ್ಬಿಸಿದ, ಗ್ಯಾರಂಟಿ ಬಂತು. ಈಗ ಎರಡೂ ಕಡೆ ಕಪ್ಪು ಜನರೇ. ಪಾರ್ಕಿನ ಹತ್ತಿರ ಗೋಡೆ ಮೇಲೆ ಬಣ್ಣದ ಚಿತ್ರಗಳಿವೆ, ಸೋಪಿನ ಗುಳ್ಳೆ ಊದುವ ಹುಡುಗರದ್ದೂ ಒಂದು.

1967ರಲ್ಲಿ ಕಪ್ಪು ಜನರಿಗೂ ಪೊಲೀಸರಿಗೂ ನಡೆದ ಗಲಭೆಯಿಂದಲೇ ಊರು ಹಾಳಾಯಿತು ಅನ್ನುತ್ತಾರೆ. 43 ಜನ ಸತ್ತದ್ದು ನಿಜ. ಆದರೆ ಕಾರ್ಖಾನೆಗಳೂ ಬಿಳಿಯರೂ ಹೊರಗೆ ಹೊರಟದ್ದು ಅದಕ್ಕೂ ಮೊದಲೇ. 1950ರಲ್ಲಿ ಜನಸಂಖ್ಯೆ 18 ಲಕ್ಷ ದಾಟಿದ್ದ ಊರು 2020ಕ್ಕೆ 6.4 ಲಕ್ಷಕ್ಕೆ ಇಳಿದಿತ್ತು. ಇನ್ನೊಂದು ಮಾತು: ನಮ್ಮಂಥವರಿಗೆ ಬಾಗಿಲು ತೆರೆದ 1965ರ ವಲಸೆ ಕಾನೂನು ಪಾಸಾಗಿದ್ದು ಈ ಕಪ್ಪು ಜನರ ಹಕ್ಕಿನ ಹೋರಾಟದ ಬಿಸಿಯಲ್ಲೇ. ನಮ್ಮವರು ಇವರನ್ನು ಕಂಡು ಕಾರಿನ ಬಾಗಿಲು ಲಾಕ್ ಮಾಡಿದಾಗ ನನಗೆ ನಾಚಿಕೆಯಾಗುತ್ತದೆ.

ಮನೆ ಎಲ್ಲಾದರೂ ಮಾಡಿ, ಸ್ಕೂಲು, ಆಫೀಸಿನ ದೂರ ನೋಡಿಕೊಂಡು. ಊರೊಳಗೆ ಕಾರ್ ಇನ್ಶೂರೆನ್ಸ್ ಜಾಸ್ತಿ, ಅದು ಗೊತ್ತಿರಲಿ. ರಾತ್ರಿ ಮೆಜೆಸ್ಟಿಕ್‌ನಲ್ಲಿ ಇರುವಷ್ಟು ಎಚ್ಚರ ಸಾಕು. ಶನಿವಾರ ಬೆಳಗ್ಗೆ ಈಸ್ಟರ್ನ್ ಮಾರ್ಕೆಟ್‌ಗೆ ಹೋಗಿ. ದಕ್ಷಿಣದಿಂದ ಬಂದವರು ಇಷ್ಟಪಡುವ ಕಾಲರ್ಡ್ ಸೊಪ್ಪು ಸಿಗುತ್ತದೆ. ಬಸ್ಸಾರಿಗೆ ಚೆನ್ನಾಗಿರುತ್ತದೆ, ಸ್ವಲ್ಪ ಜಾಸ್ತಿ ಹೊತ್ತು ಬೇಯಿಸಬೇಕು ಅಷ್ಟೇ.