64 ಆಂಟೆನಾಗಳ ಎಂವಿಡಿಆರ್ ಬೀಮ್‌ಫಾರ್ಮಿಂಗ್‌: ಲೆಕ್ಕದ ಭಾರ ಇಳಿಸುವುದು ಹೇಗೆ?

ಎಂವಿಡಿಆರ್ ಅಂದರೆ ಬೇಕಾದ ದಿಕ್ಕಿನ ಸಿಗ್ನಲ್ ಉಳಿಸಿಕೊಂಡು, ಉಳಿದದ್ದನ್ನು ಆದಷ್ಟು ತಗ್ಗಿಸುವಂತೆ ಆಂಟೆನಾಗಳ ಸಿಗ್ನಲ್‌ಗಳನ್ನು ಕೂಡಿಸುವ ವಿಧಾನ. ನಿಮ್ಮಲ್ಲಿರುವುದು 64 ಆಂಟೆನಾ, 128 ಸ್ನ್ಯಾಪ್‌ಶಾಟ್ (ಒಂದು ಕ್ಷಣದಲ್ಲಿ ಎಲ್ಲಾ ಆಂಟೆನಾಗಳಿಂದ ತೆಗೆದ 64 ಸಂಖ್ಯೆಗಳು ಒಂದು ಸ್ನ್ಯಾಪ್‌ಶಾಟ್), ಮೂರು ಜ್ಯಾಮರ್ (ಅಡ್ಡಿಪಡಿಸುವ ಸಿಗ್ನಲ್‌ಗಳು). ಸಣ್ಣ ಬೋರ್ಡಿನಲ್ಲಿ ಮ್ಯಾಟ್ರಿಕ್ಸ್ ಇನ್ವರ್ಸ್ ನಿಧಾನವಾಗುತ್ತಿದೆ, ವೇಗದ ಇನ್ವರ್ಸ್ ಯಾವುದು ಅಂತ ಕೇಳಿದ್ದೀರಿ. ಮೊದಲು ಗುಣಾಕಾರಗಳನ್ನು ಎಣಿಸೋಣ. ನಾನೂ ಹಿಂದೆ ವಾರಗಟ್ಟಲೆ ಇನ್ವರ್ಸ್ ಹಿಂದೆಯೇ ಬಿದ್ದಿದ್ದೆ. ಎಣಿಸಿದ ಮೇಲೇ ಗೊತ್ತಾಗಿದ್ದು, ಹೆಚ್ಚಿನ ಭಾರ ಇರುವುದು ಬೇರೆ ಕಡೆ.

ಇನ್ವರ್ಸ್‌ಗೆ ಸುಮಾರು 64ರ ಘನ, ಅಂದರೆ 2,62,144 ಗುಣಾಕಾರ. ಆದರೆ ಅದಕ್ಕೂ ಮೊದಲು ಕೋವೇರಿಯನ್ಸ್ ಮ್ಯಾಟ್ರಿಕ್ಸ್ (ಯಾವ ಆಂಟೆನಾದ ಸಿಗ್ನಲ್ ಯಾವುದರ ಜೊತೆ ಎಷ್ಟು ಹೊಂದುತ್ತದೆ ಅನ್ನುವ ಪಟ್ಟಿ) ಕಟ್ಟಬೇಕು ಅಲ್ವಾ? ಪ್ರತಿ ಸ್ನ್ಯಾಪ್‌ಶಾಟ್‌ಗೂ 64×64, ಹೀಗೆ 128 ಸಲ. ಒಟ್ಟು 5,24,288. ಇನ್ವರ್ಸ್‌ನ ಎರಡರಷ್ಟು!

ಮ್ಯಾಟ್ರಿಕ್ಸ್ ಹರ್ಮಿಷಿಯನ್ (ಕರ್ಣದ ಒಂದು ಬದಿ ತಿಳಿದರೆ ಇನ್ನೊಂದು ಬದಿಯೂ ಸಿಗುವಂಥದ್ದು) ಆದ್ದರಿಂದ ಅರ್ಧ ಮಾತ್ರ ಲೆಕ್ಕ ಹಾಕಿದರೆ ಸಾಕು. ಇನ್ವರ್ಸ್ ತೆಗೆಯಲೇಬೇಡಿ. ನಮಗೆ ಬೇಕಾದ್ದು ವೆಯ್ಟ್ ವೆಕ್ಟರ್ ಒಂದೇ, ಅಂದರೆ ಪ್ರತಿ ಆಂಟೆನಾದ ಸಿಗ್ನಲ್ ಅನ್ನು ಯಾವ ಸಂಖ್ಯೆಯಿಂದ ಗುಣಿಸಬೇಕು ಅನ್ನುವ ಪಟ್ಟಿ. ಚೋಲೆಸ್ಕಿ (ಮ್ಯಾಟ್ರಿಕ್ಸ್ ಅನ್ನು ಎರಡು ತ್ರಿಕೋನ ಮ್ಯಾಟ್ರಿಕ್ಸ್‌ಗಳ ಗುಣಲಬ್ಧವಾಗಿ ಒಡೆಯುವುದು) ಮಾಡಿ ಸಮೀಕರಣ ಬಿಡಿಸಿದರೆ ಆ ಕೆಲಸ 50 ಸಾವಿರದೊಳಗೆ ಮುಗಿಯುತ್ತದೆ.

ನಿಜವಾದ ಉಳಿತಾಯ ಮಾತ್ರ ಆ 128ರಲ್ಲಿದೆ. ಆಂಟೆನಾಗಳ ಎರಡರಷ್ಟು ಸ್ನ್ಯಾಪ್‌ಶಾಟ್ ಇದ್ದರೆ ಆದರ್ಶ ವೆಯ್ಟ್‌ಗೆ ಹೋಲಿಸಿದಾಗ ಸಿಗ್ನಲ್ ಮತ್ತು ಅಡಚಣೆಯ ಅನುಪಾತದಲ್ಲಿ ಸರಾಸರಿ ನಷ್ಟ ಸುಮಾರು 3 ಡಿಬಿ (ಅಂದರೆ ಅರ್ಧಕ್ಕೆ ಇಳಿಯುತ್ತದೆ) ಅಂತ ರೀಡ್, ಮ್ಯಾಲೆಟ್, ಬ್ರೆನನ್ 1974ರಲ್ಲಿ ತೋರಿಸಿದರು. ನೀವು ಆ ನಿಯಮವನ್ನೇ ಹಿಡಿದಿದ್ದೀರಿ. ಆದರೆ ಮ್ಯಾಟ್ರಿಕ್ಸ್‌ನ ಕರ್ಣಕ್ಕೆ ಒಂದು ಸಣ್ಣ ಸಂಖ್ಯೆ ಕೂಡಿಸಿ ನೋಡಿ. ಇದೇ ಡಯಾಗನಲ್ ಲೋಡಿಂಗ್, ಖರ್ಚು ಬರೀ 64 ಕೂಡಿಕೆ. ಆಗ ಎಷ್ಟು ಸ್ನ್ಯಾಪ್‌ಶಾಟ್ ಬೇಕು ಅನ್ನುವುದು ಆಂಟೆನಾಗಳ ಸಂಖ್ಯೆಯನ್ನು ಬಿಟ್ಟು ಜ್ಯಾಮರ್‌ಗಳ ಸಂಖ್ಯೆಯ ಮೇಲೆ ನಿಲ್ಲುತ್ತದೆ, ಹೆಚ್ಚುಕಡಿಮೆ ಅದರ ಎರಡರಷ್ಟು. ಮೂರು ಜ್ಯಾಮರ್‌ಗೆ ಆರು ಅಂದರೂ, ನಾನಾದರೆ ಧೈರ್ಯಕ್ಕೆ 20 ಇಟ್ಟುಕೊಳ್ಳುತ್ತೇನೆ.

20 ಸ್ನ್ಯಾಪ್‌ಶಾಟ್ ಆದರೆ 64×64 ಮ್ಯಾಟ್ರಿಕ್ಸ್ ಕಟ್ಟುವ ಅಗತ್ಯವೇ ಇಲ್ಲ. ಮ್ಯಾಟ್ರಿಕ್ಸ್ ಇನ್ವರ್ಷನ್ ಲೆಮ್ಮಾ (ದೊಡ್ಡ ಇನ್ವರ್ಸ್ ಅನ್ನು ಚಿಕ್ಕದಕ್ಕೆ ಇಳಿಸುವ ಸೂತ್ರ) ಬಳಸಿ 20×20 ಸಮೀಕರಣ ಬಿಡಿಸಿದರೆ ಅದೇ ವೆಯ್ಟ್ ಸಿಗುತ್ತದೆ. ಎಲ್ಲಾ ಸೇರಿ 20 ಸಾವಿರ ಗುಣಾಕಾರದೊಳಗೆ. ಎಲ್ಲಿಯ ಮೊದಲಿನ 7.86 ಲಕ್ಷ, ಎಲ್ಲಿಯ 20 ಸಾವಿರ! ಲೋಡಿಂಗ್ ಅನ್ನು ನಾಯ್ಸ್ ಪವರ್‌ಗಿಂತ 10 ಡಿಬಿ ಮೇಲಿಂದ ಶುರು ಮಾಡಿ. ಅದು ಜಾಸ್ತಿಯಾದರೆ ಬಲಹೀನ ಜ್ಯಾಮರ್‌ಗಳ ನಲ್ (ಆ ದಿಕ್ಕಿನಿಂದ ಬರುವುದನ್ನು ಅಡಗಿಸುವ ತಗ್ಗು) ಆಳ ಕಳೆದುಕೊಳ್ಳುತ್ತದೆ.

ಎಲ್‌ಎಂಎಸ್ (ಪ್ರತಿ ಸ್ಯಾಂಪಲ್ ಬಂದಾಗ ವೆಯ್ಟ್ ಅನ್ನು ಸ್ವಲ್ಪ ಸ್ವಲ್ಪ ತಿದ್ದುವ ವಿಧಾನ) ಅಗ್ಗ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಹೌದು, ಒಂದು ಸ್ಯಾಂಪಲ್‌ಗೆ ಸುಮಾರು 128 ಗುಣಾಕಾರ ಅಷ್ಟೇ. ಆದರೆ ಪ್ರತಿ ಆಂಟೆನಾದಲ್ಲೂ ನಾಯ್ಸ್‌ಗಿಂತ 30 ಡಿಬಿ ಬಲವಾದ ಒಂದೇ ಜ್ಯಾಮರ್ ಇದ್ದರೂ ಮ್ಯಾಟ್ರಿಕ್ಸ್‌ನ ಐಗನ್ ಮೌಲ್ಯಗಳಲ್ಲಿ ಅತಿ ದೊಡ್ಡದು ಅತಿ ಚಿಕ್ಕದರ ಸುಮಾರು 64 ಸಾವಿರ ಪಟ್ಟು ಆಗುತ್ತದೆ. ಈ ಅನುಪಾತ ಹೆಚ್ಚಿದಷ್ಟೂ ಎಲ್‌ಎಂಎಸ್ ನಿಧಾನ. ಅದು ನೆಲೆಗೊಳ್ಳುವಷ್ಟರಲ್ಲಿ ಜ್ಯಾಮರ್ ಜಾಗ ಬದಲಿಸಿರಬಹುದು. ವೇಗದ ಆರ್‌ಎಲ್‌ಎಸ್ ವಿಧಾನಗಳೂ (ಹಿಂದಿನ ಉತ್ತರವನ್ನೇ ಹೊಸ ಸ್ಯಾಂಪಲ್‌ನಿಂದ ತಿದ್ದುತ್ತಾ ಹೋಗುವಂಥವು) ಇಲ್ಲಿ ನಡೆಯುವುದಿಲ್ಲ. ಹಳೆಯ ಸ್ಯಾಂಪಲ್ ಒಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತದೆ ಅನ್ನುವುದನ್ನೇ ಅವು ನಂಬಿಕೊಂಡಿವೆ. ಅರೇಯಲ್ಲಿ (ಆಂಟೆನಾಗಳ ಸಮೂಹದಲ್ಲಿ) ಪ್ರತಿ ಸಲ ಎಲ್ಲಾ 64 ಸಂಖ್ಯೆಗಳೂ ಹೊಸವು.

ಎಂಟೆಂಟು ಆಂಟೆನಾಗಳನ್ನು ಗುಂಪು ಮಾಡಿ ಎಂಟು ಸಬ್‌ಅರೇ ಮಾಡಬಹುದು. ಆಗ ಏಳು ನಲ್ ಮಾತ್ರ ಸಿಗುತ್ತವೆ, ಗ್ರೇಟಿಂಗ್ ಲೋಬ್ (ಬೇಡದ ದಿಕ್ಕಿನಲ್ಲೂ ಮೂಡುವ ಬಲವಾದ ಬೀಮ್) ಕಾಟವೂ ಇರುತ್ತದೆ. ಬೇರೆ ದಾರಿ ಇಲ್ಲದಿದ್ದರೆ ಮಾತ್ರ ಅತ್ತ ಹೋಗಿ.

ನಿಮ್ಮ ಜ್ಯಾಮರ್‌ಗಳ ಬಲ ಎಷ್ಟು, ಎಷ್ಟು ಬೇಗ ಓಡಾಡುತ್ತವೆ ಅಂತ ತಿಳಿಸಿ. ವೆಯ್ಟ್‌ಗಳನ್ನು ಎಷ್ಟು ಹೊತ್ತಿಗೊಮ್ಮೆ ಬದಲಿಸಿದರೆ ಸಾಕು ಅಂತಲೂ ಲೆಕ್ಕ ಹಾಕೋಣ.